ಹಾಯಿದೋಣಿಯ ಸಂಸಾರ

ದೋಣಿಯಲ್ಲಿ ಸಂಸಾರ ನಡೆಸುವುದೆಂದರೆ ನಿಮಗೆ ಕಥೆಯಂತೆ ಕೇಳಿಸಬಹುದು. ಬೆಳ್ಳಂದೂರಿನ ನಮಗೆ ಅದರ ಸಣ್ಣ ರುಚಿ 2022ರ ಸೆಪ್ಟೆಂಬರ್ ಮಳೆಯಲ್ಲಿ ಸಿಕ್ಕಿತು. ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರ್‌ಗಳಲ್ಲಿ, ರಬ್ಬರ್ ದೋಣಿಗಳಲ್ಲಿ ಹೊರತಂದರು. ದೋಣಿಯಲ್ಲಿ ಕುಳಿತಿದ್ದ ಒಬ್ಬ ತಾಯಿಯ ಮಡಿಲಲ್ಲಿ ಮಗು, ಕಾಲ ಬಳಿ 20 ಲೀಟರ್‌ನ ನೀರಿನ ಕ್ಯಾನ್. ಸುತ್ತ ಅಷ್ಟು ನೀರಿದ್ದರೂ ಆಕೆ ಆ ಕ್ಯಾನನ್ನು ಬಿಟ್ಟು ಬರಲು ಒಪ್ಪಿರಲಿಲ್ಲ.

ಅದನ್ನು ಕಂಡಾಗ ನನಗೆ ಕೊಚ್ಚಿ ನೆನಪಾಯಿತು. ಹಿಂದೊಮ್ಮೆ ಮಕ್ಕಳೊಂದಿಗೆ ಹೋಗಿದ್ದಾಗ ಬೋಲ್ಗಟ್ಟಿ ದ್ವೀಪದ ಮರೀನಾದಲ್ಲಿ ವಿದೇಶಿ ಹಾಯಿದೋಣಿಗಳು ನಿಂತಿದ್ದವು. ಒಂದರಲ್ಲಿ ಹಗ್ಗ ಕಟ್ಟಿ ಪುಟ್ಟ ಅಂಗಿಗಳನ್ನು ಒಣಗಲು ಹಾಕಿದ್ದರು. ಹೌದು, ಅದು ಮನೆಯೇ! ಹೀಗೆ ದ್ವೀಪದಿಂದ ದ್ವೀಪಕ್ಕೆ ಅಲೆಯುವ ಕುಟುಂಬಗಳಿವೆ. ಶ್ರೀಲಂಕಾ, ಮಾಲ್ದೀವ್ಸ್ ದಾಟಿ, ಚಳಿಗಾಲದ ಈಶಾನ್ಯ ಗಾಳಿಯ ಬಲದಲ್ಲಿ ಅರಬ್ ತೀರದತ್ತ ಸಾಗುತ್ತವೆ. ಜೂನ್‌ನ ಮುಂಗಾರಿಗೆ ಮುನ್ನ ಸುರಕ್ಷಿತ ಜಾಗ ಸೇರಿಕೊಳ್ಳಲೇಬೇಕು.

ಚಿತ್ರಗಳಲ್ಲಿ ಕಾಣುವಷ್ಟು ಸುಖದ ಬದುಕಲ್ಲ ಅದು. ದೋಣಿ ವಾಲಿದಾಗ ಪಾತ್ರೆ ಉರುಳದಿರಲೆಂದು ಒಲೆಯನ್ನೇ ತೂಗುವಂತೆ ಕೂರಿಸಿರುತ್ತಾರೆ. ರಾತ್ರಿ ಗಂಡ ಮಲಗಿದರೆ ಹೆಂಡತಿ ಕಾವಲು, ಹೆಂಡತಿ ಮಲಗಿದರೆ ಗಂಡ. ಮಕ್ಕಳಿಗೆ ಅಮ್ಮನೇ ಟೀಚರ್. (ಹಾಜರಿ ಪುಸ್ತಕದ ಕಾಟವಿಲ್ಲದ ಆ ಟೀಚರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು!) ಎಲ್ಲಕ್ಕಿಂತ ಕಷ್ಟದ್ದು ಸಿಹಿನೀರು. ಟ್ಯಾಂಕಿಯಲ್ಲಿರುವುದು ಕೆಲವು ನೂರು ಲೀಟರ್. ಆದ್ದರಿಂದ ಪಾತ್ರೆಯನ್ನು ಸಮುದ್ರದ ನೀರಿನಲ್ಲಿ ಉಜ್ಜಿ, ಕೊನೆಗೊಮ್ಮೆ ಮಾತ್ರ ಸಿಹಿನೀರು ಸುರಿಯುತ್ತಾರೆ. ಮಳೆ ಬಂದರೆ ಬಟ್ಟೆ ಹರಡಿ ನೀರು ಹಿಡಿಯುತ್ತಾರೆ. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ಕೆಲವರಲ್ಲಿದೆ, ಅದೂ ಕೆಡುತ್ತದೆ.

ಕೊಚ್ಚಿಯಿಂದ ಪಶ್ಚಿಮಕ್ಕೆ ಹೊರಟರೆ ಲಕ್ಷದ್ವೀಪ. ಅದರ ಅಮೀನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಎಷ್ಟು ಜನರಿಗೆ ಗೊತ್ತು? ಮಳೆಗಾಲ ಕಳೆಯುತ್ತಲೇ ಅಲ್ಲಿಂದ ‘ಓಡಂ’ ಎಂಬ ಹಾಯಿದೋಣಿಗಳು ತೆಂಗಿನ ನಾರು, ಕೊಬ್ಬರಿ ಹೊತ್ತು ಮಂಗಳೂರಿನ ಬಂದರಿಗೆ ಬರುತ್ತಿದ್ದವು, ಅಕ್ಕಿಯೊಂದಿಗೆ ಮರಳುತ್ತಿದ್ದವು. ಇಲ್ಲಿ ಸಂಸಾರ ದೋಣಿ ಹತ್ತಲಿಲ್ಲ. ಗಂಡಸರು ಸಮುದ್ರಕ್ಕೆ, ಮನೆ ತಾಯಂದಿರ ಕೈಗೆ. ತರವಾಡಿನ ಆಸ್ತಿ ತಾಯಿಯ ಕಡೆಯಿಂದಲೇ ಸಾಗಿಬರುವ ಮುಸ್ಲಿಂ ಸಮಾಜ ಅದು. ತೆಂಗಿನ ಸಿಪ್ಪೆಯನ್ನು ನೆನೆಹಾಕಿ, ಬಡಿದು, ನಾರು ತೆಗೆದು ಹುರಿ ಮಾಡುತ್ತಿದ್ದವರು ಹೆಂಗಸರು. ಮಂಗಳೂರಿನಿಂದ ಹೋದ ಅಕ್ಕಿಯಲ್ಲಿ ಅವರ ಕೈಯ ಬೊಬ್ಬೆಗಳ ಪಾಲಿತ್ತು ಎಂದು ನಾನು ಹೇಳುತ್ತೇನೆ.

ಆ ದ್ವೀಪಗಳಲ್ಲೂ ಸಿಹಿನೀರೆಂದರೆ ಮರಳಿನಡಿ ಉಪ್ಪುನೀರಿನ ಮೇಲೆ ತೇಲುವ ತೆಳು ಪದರ. ಹೆಚ್ಚು ಸೇದಿದರೆ ಬಾವಿ ಉಪ್ಪಾಗುತ್ತದೆ. 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ 1 ಲಕ್ಷ ಲೀಟರ್ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಬಂತು.

ಮದ್ರಸದಲ್ಲಿ ಕಲಿತ ಒಂದು ಹದೀಸ್ ನನಗೆ ಸರಿಯಾಗಿ ಅರ್ಥವಾದದ್ದು ಆ ದೋಣಿಗಳನ್ನು ನೋಡಿದ ಮೇಲೆಯೇ. ಸಮುದ್ರಯಾನಿಯೊಬ್ಬರು ಪ್ರವಾದಿ(ಸ)ರ ಬಳಿ ಬಂದು, ಜೊತೆಗೊಯ್ಯುವ ನೀರು ಸ್ವಲ್ಪ, ಅದರಲ್ಲಿ ವುಝೂ ಮಾಡಿದರೆ ಬಾಯಾರಿಕೆಗೆ ಉಳಿಯುವುದಿಲ್ಲ, ಸಮುದ್ರದ ನೀರಿನಲ್ಲಿ ವುಝೂ ಆಗಬಹುದೇ ಎಂದು ಕೇಳಿದರು. ಆಗಬಹುದು, ಅದು ಶುದ್ಧವೆಂಬ ಉತ್ತರ ಸಿಕ್ಕಿತು. ಹುಡುಗಿಯಾಗಿದ್ದಾಗ ಉತ್ತರವನ್ನಷ್ಟೇ ಬಾಯಿಪಾಠ ಮಾಡಿದ್ದೆ, ಕೇಳಿದವರ ಬಾಯಾರಿಕೆಯನ್ನು ಗಮನಿಸಿರಲಿಲ್ಲ. ಪ್ರವಾದಿ(ಸ)ರು ಒಂದು ‘ಮುದ್ದ್’ ನೀರಿನಲ್ಲಿ ವುಝೂ ಮಾಡುತ್ತಿದ್ದರೆಂದೂ ಓದಿದ್ದೇವೆ. ಅದು ಸುಮಾರು ಮುಕ್ಕಾಲು ಲೀಟರ್ ಎಂದು ಹಲವರ ಲೆಕ್ಕ.

ನಮ್ಮಲ್ಲಿ ಟ್ಯಾಂಕರ್ ಬಾರದ ಒಂದು ದಿನ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಮಗಳಿಗೆ ವುಝೂ ಮಾಡಲು ಹೇಳಿದೆ. ಬಕೆಟ್‌ನಲ್ಲಿ ಬಿದ್ದದ್ದು ಆರು ಲೀಟರ್. ಆಮೇಲೆ ನಾನು ಮಾಡಿದೆ. ಏಳು.