ಮೇ ತಿಂಗಳಲ್ಲಿ ಫೇಲಾದವರು

ನಮ್ಮ ಕಡೆ ಮೇ ತಿಂಗಳೆಂದರೆ ಮಾವಿನಹಣ್ಣು, ಮದುವೆಯ ಊಟ ಮತ್ತು ಪರೀಕ್ಷೆಯ ಫಲಿತಾಂಶ. ಅಮೆರಿಕದ ಟೆಲಿವಿಷನ್ ಧಾರಾವಾಹಿಗಳಿಗೂ ಫಲಿತಾಂಶ ಬರುವುದು ಅದೇ ತಿಂಗಳು. ಎಬಿಸಿ, ಎನ್‌ಬಿಸಿ, ಫಾಕ್ಸ್ ಎಂಬ ದೊಡ್ಡ ನೆಟ್‌ವರ್ಕುಗಳು ನ್ಯೂಯಾರ್ಕಿನಲ್ಲಿ ಜಾಹೀರಾತುದಾರರನ್ನು ಕೂಡಿಸಿ, ಸೆಪ್ಟೆಂಬರಿನಿಂದ ಯಾವ ದಿನ ಯಾವ ಹೊತ್ತಿಗೆ ಏನು ಬರುತ್ತದೆ ಎಂದು ಸಾರುತ್ತವೆ. ಆ ಪಟ್ಟಿಯಲ್ಲಿ ಹೆಸರು ಕಾಣದ ಧಾರಾವಾಹಿ ಬಹುಮಟ್ಟಿಗೆ ಫೇಲಾಯಿತೆಂದೇ ಅರ್ಥ. ಸಪ್ಲಿಮೆಂಟರಿ ಪರೀಕ್ಷೆ ಬಲು ಅಪರೂಪ. 2018ರಲ್ಲಿ ಫಾಕ್ಸ್ ಕೈಬಿಟ್ಟ ‘ಬ್ರೂಕ್ಲಿನ್ ನೈನ್-ನೈನ್’ ಅನ್ನು ಮರುದಿನವೇ ಎನ್‌ಬಿಸಿ ಎತ್ತಿಕೊಂಡಿತಲ್ಲ, ಅಂಥ ಅದೃಷ್ಟ ಎಲ್ಲರಿಗೂ ಎಲ್ಲಿ ಬರಬೇಕು!

ನಾನು ನ್ಯೂಜೆರ್ಸಿಗೆ ಬಂದು ನಾಲ್ಕು ದಶಕ ಮೀರಿತು. ಧಾರಾವಾಹಿ ನೋಡುತ್ತೇನೆಂದು ಹೇಳಿಕೊಳ್ಳಲು ನಮ್ಮ ಕನ್ನಡ ಸಂಘದ ಗೆಳೆಯರಿಗೆ ಸಂಕೋಚ. ವಾರ್ತೆ ಮಾತ್ರ ನೋಡುತ್ತಾರಂತೆ. ನನಗೆ ಆ ಸಂಕೋಚವಿಲ್ಲ. ಇಷ್ಟು ವರ್ಷ ನೋಡಿದ ಮೇಲೆ ನನ್ನ ತಕರಾರು ಇರುವುದು ಧಾರಾವಾಹಿಗಳ ಮೇಲಲ್ಲ, ಅವಕ್ಕೆ ಅಂಕ ಕೊಡುವ ಕ್ರಮದ ಮೇಲೆ.

ಅಂಕ ಕೊಡುವುದು ನೀಲ್ಸನ್ ಸಂಸ್ಥೆಯ ಎಣಿಕೆ. ತೊಂಬತ್ತರ ದಶಕದ ಮೊದಲಲ್ಲಿ ಇಲ್ಲಿ ಟೀವಿ ಇದ್ದ ಮನೆಗಳು ಒಂಬತ್ತು ಕೋಟಿಗೂ ಮಿಕ್ಕು. ರಾಷ್ಟ್ರಮಟ್ಟದ ಅಳತೆಯ ಯಂತ್ರ ಇದ್ದದ್ದು ನಾಲ್ಕೈದು ಸಾವಿರ ಮನೆಗಳಲ್ಲಿ. ಅದರಲ್ಲಿ ಮೋಸವೇನಿಲ್ಲ, ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಆದರೆ ಊಟ ಮಾಡಿದವರಿಗೆ ಅದು ಮೈಗೆ ಹತ್ತಿತೇ ಎಂಬುದನ್ನು ಅಗುಳು ಹೇಳಲಾರದು. ಇನ್ನೊಂದು ವಿಚಿತ್ರ ಕೇಳಿ: ಜಾಹೀರಾತುದಾರರಿಗೆ ಬಹುಕಾಲ ಮುಖ್ಯವಾಗಿ ಬೇಕಾಗಿದ್ದವರು ಹದಿನೆಂಟರಿಂದ ನಲವತ್ತೊಂಬತ್ತರ ವಯಸ್ಸಿನವರು. ನಾನು ಆ ಲೆಕ್ಕದಿಂದ ಆಚೆ ಬಿದ್ದು ಎಷ್ಟೋ ವರ್ಷವಾಯಿತು. ಐವತ್ತಾದವನು ಟೀವಿ ಮುಂದೆ ಕೂತರೂ ಒಂದೇ, ಎದ್ದು ಹೋದರೂ ಒಂದೇ!

1994ರಲ್ಲಿ ನನ್ನ ಮಗಳಿಗೆ ಹದಿನೈದು. ಶಾಲೆಯಿಂದ ಬಂದವಳೇ ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಏನಾಯಿತೆಂದರೆ ‘ಏನೂ ಇಲ್ಲ’. ಯಾರ ಜೊತೆ ಹೋಗಿದ್ದೆ ಎಂದರೆ ‘ಯಾರೂ ಇಲ್ಲ’. ಆ ವರ್ಷ ಆಗಸ್ಟ್ 25ರಂದು ಎಬಿಸಿಯಲ್ಲಿ ‘ಮೈ ಸೋ-ಕಾಲ್ಡ್ ಲೈಫ್’ ಎಂಬ ಧಾರಾವಾಹಿ ಶುರುವಾಯಿತು. ಪಿಟ್ಸ್‌ಬರ್ಗಿನ ಪಕ್ಕದ ಒಂದು ಕಲ್ಪಿತ ಊರಿನ ಹದಿನೈದರ ಹುಡುಗಿ ಏಂಜೆಲಾ ಅದರ ನಾಯಕಿ. ಕ್ಲೇರ್ ಡೇನ್ಸ್ ಆ ಪಾತ್ರ ಮಾಡಿದ್ದಳು. ಮೊದಲ ಕಂತಿನಲ್ಲೇ ಏಂಜೆಲಾ ಕೂದಲಿಗೆ ಕೆಂಪು ಬಣ್ಣ ಹಾಕಿಸಿಕೊಂಡು ಬರುತ್ತಾಳೆ, ಬಾಲ್ಯದ ಗೆಳತಿಯಿಂದ ದೂರವಾಗುತ್ತಾಳೆ. ನನ್ನ ಹೆಂಡತಿ ಒಮ್ಮೆ ಮಗಳ ತಲೆಯನ್ನೂ ಇನ್ನೊಮ್ಮೆ ಟೀವಿಯನ್ನೂ ನೋಡಿದಳು.

ನನಗೆ ಹಿಡಿಸಿದ್ದು ಬೇರೆ. ಇಂಥ ಕಥೆಗಳಲ್ಲಿ ಅಪ್ಪ-ಅಮ್ಮಂದಿರು ಒಂದೋ ಪೆದ್ದರು, ಇಲ್ಲವೇ ಉಪದೇಶ ಮಾಡುವವರು. ಇಲ್ಲಿ ಹಾಗಿರಲಿಲ್ಲ. ಮುದ್ರಣಾಲಯ ನಡೆಸುವ ತಾಯಿ, ಅಡುಗೆಯಲ್ಲಿ ಮನಸ್ಸಿಟ್ಟ ತಂದೆ. ಅವರಿಗೂ ಅವರದೇ ದಿಗಿಲುಗಳು. ಮಗಳು ಬಾಗಿಲು ಹಾಕಿಕೊಂಡಾಗ ಕ್ಯಾಮೆರಾ ಒಮ್ಮೆ ಒಳಗಿರುತ್ತಿತ್ತು, ಒಮ್ಮೆ ಹೊರಗೆ ನಿಂತ ತಾಯಿಯ ಬಳಿ. ನಮ್ಮ ಮನೆಯಲ್ಲಿ ನಾವು ಹೊರಗನ್ನು ಮಾತ್ರ ಬಲ್ಲವರು, ಅವಳು ಒಳಗನ್ನು ಮಾತ್ರ. ಗುರುವಾರ ರಾತ್ರಿ ಎಂಟಕ್ಕೆ ಮೂವರೂ ಒಂದೇ ಸೋಫಾದ ಮೇಲೆ ಕೂರುವಂತಾಯಿತು. ಕಾರಿನ ಜಾಹೀರಾತೋ ಷಾಂಪೂ ಜಾಹೀರಾತೋ ಬಂದಾಗ ಅವಳು ಮಾತಾಡುತ್ತಿದ್ದಳು. ‘ನಮ್ಮ ಕ್ಲಾಸಿನಲ್ಲೂ ಒಬ್ಬಳಿದ್ದಾಳೆ’ ಎಂದು ಆರಂಭ. ಆ ‘ಒಬ್ಬಳು’ ಯಾರೆಂದು ನಾವು ಕೇಳುತ್ತಿರಲಿಲ್ಲ. ಎರಡು ನಿಮಿಷದಲ್ಲಿ ಧಾರಾವಾಹಿ ಮತ್ತೆ ಶುರುವಾಗುವುದರಿಂದ ನಮಗೆ ಬುದ್ಧಿ ಹೇಳಲು ಸಮಯವೂ ಸಿಗುತ್ತಿರಲಿಲ್ಲ. ಅದು ಒಳ್ಳೆಯದೇ ಆಯಿತೆನ್ನಿ.

ಅದೇ ಗುರುವಾರದ ಅದೇ ಹೊತ್ತಿಗೆ ಎನ್‌ಬಿಸಿಯಲ್ಲಿ ‘ಮ್ಯಾಡ್ ಅಬೌಟ್ ಯೂ’, ಅದರ ಹಿಂದೆಯೇ ಆ ಸೆಪ್ಟೆಂಬರಿನಲ್ಲಿ ಹೊಸದಾಗಿ ಬಂದ ‘ಫ್ರೆಂಡ್ಸ್’. ನೆರೆದ ಜನವೆಲ್ಲ ಆ ಕಡೆ. 1995ರ ಜನವರಿ 21ರಂದು ಕ್ಲೇರ್ ಡೇನ್ಸ್‌ಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಬಂತು. ಐದು ದಿನ ಕಳೆದು, ಜನವರಿ 26ರಂದು, ಹತ್ತೊಂಬತ್ತನೆಯ ಕಂತು ಬಂತು. ನಮ್ಮ ಗಣರಾಜ್ಯೋತ್ಸವದ ದಿನವಾದ್ದರಿಂದ ತಾರೀಖು ಮರೆತಿಲ್ಲ. ತನಗೆ ಬಂದ ಪ್ರೇಮಪತ್ರವನ್ನು ಜೋರ್ಡಾನನ ಹೆಸರಿನಲ್ಲಿ ಬರೆದವನು ಪಕ್ಕದ ಮನೆಯ ಬ್ರಯಾನ್ ಎಂದು ಏಂಜೆಲಾಗೆ ತಿಳಿಯುತ್ತದೆ. ಆದರೂ ಜೋರ್ಡಾನನ ಕಾರು ಹತ್ತಿ ಹೋಗುತ್ತಾಳೆ. ಅಷ್ಟೇ. ಮೇ ತಿಂಗಳಲ್ಲಿ ರದ್ದಾದ ಸುದ್ದಿ ಅಧಿಕೃತವಾಯಿತು. ಆ ಕಾರು ಎಲ್ಲಿಗೆ ಹೋಯಿತೆಂದು ಇವತ್ತಿಗೂ ಯಾರಿಗೂ ತಿಳಿಯದು. ನಮ್ಮ ಗುರುವಾರಗಳಲ್ಲಿ ಮಗಳು ಮತ್ತೆ ಮೇಲಿನ ಕೋಣೆ ಸೇರಿದಳು.

ನಷ್ಟ ತರುವುದನ್ನು ಯಾಕೆ ನಡೆಸಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತೇ. ಆದರೆ 1982ರಲ್ಲಿ ‘ಚಿಯರ್ಸ್’ ಶುರುವಾದಾಗ ಅದು ಎಣಿಕೆಯ ಪಟ್ಟಿಯ ತಳದಲ್ಲಿತ್ತು. ಎನ್‌ಬಿಸಿ ತಾಳಿಕೊಂಡಿತು, ಧಾರಾವಾಹಿ ಹನ್ನೊಂದು ವರ್ಷ ನಡೆಯಿತು. ‘ಸೈನ್‌ಫೆಲ್ಡ್’ಗಂತೂ ಪ್ರಾಯೋಗಿಕ ಕಂತಿನ ನಂತರ ಕೊಟ್ಟದ್ದು ನಾಲ್ಕೇ ನಾಲ್ಕು ಕಂತು. ಮುಂದೆ ನಡೆದದ್ದು ಎಲ್ಲರಿಗೂ ಗೊತ್ತು. ತಾಳ್ಮೆಯಿಲ್ಲದ್ದಕ್ಕೆ ಉದಾಹರಣೆ ಬೇಕಾದರೆ 2002ರ ‘ಫೈರ್‌ಫ್ಲೈ’ ಇದೆ. ಕಥೆ ಆರಂಭವಾಗುವ ಮೊದಲ ಕಂತನ್ನು ಫಾಕ್ಸ್‌ನವರು ಡಿಸೆಂಬರಿನಲ್ಲಿ, ಕೊನೆಗೆ ತೋರಿಸಿದರು. ಮದುವೆ ಮುಗಿಸಿ ಹೆಣ್ಣು ನೋಡಲು ಹೋದ ಹಾಗೆ. ಹದಿನಾಲ್ಕು ಕಂತು ತಯಾರಾಗಿತ್ತು, ಹನ್ನೊಂದಕ್ಕೇ ನಿಲ್ಲಿಸಿದರು.

ಇದರ ಇನ್ನೊಂದು ಮಗ್ಗುಲು ಎಳೆಯುವುದು. ಸುಮಾರು ನೂರು ಕಂತು ಮುಟ್ಟಿದರೆ ಮರುಪ್ರಸಾರದ ಹಕ್ಕಿಗೆ ಒಳ್ಳೆಯ ಬೆಲೆ. ಹಾಗಾಗಿ ಹೇಳುವುದೆಲ್ಲ ಮುಗಿದ ಮೇಲೂ ಅವಳಿ ಮಕ್ಕಳು, ಕಳೆದುಹೋದ ತಮ್ಮ, ಮರೆವಿನ ಕಾಯಿಲೆ. ಕತ್ತರಿಸುವುದೂ ಎಳೆಯುವುದೂ ಒಂದೇ ಕೈ. ಅಂಥದರಲ್ಲಿ ‘ದಿ ಗುಡ್ ಪ್ಲೇಸ್’ (2016-2020) ನನಗೆ ಬೆರಗು ತಂದಿತು. ಸತ್ತ ಮೇಲೆ ತಪ್ಪಿ ಸ್ವರ್ಗಕ್ಕೆ ಬಂದೆನೆಂದು ತಿಳಿದ ಹೆಂಗಸೊಬ್ಬಳು ಅಲ್ಲಿ ಮೇಷ್ಟರೊಬ್ಬರಿಂದ ನೀತಿಶಾಸ್ತ್ರದ ಪಾಠ ಕಲಿಯುವ ಹಾಸ್ಯ. ಕಾಂಟ್ ಹೆಸರು ಕೇಳಿದರೆ ಓಡುವ ಕಾಲೇಜು ಹುಡುಗರು ಅದನ್ನು ನೋಡಬೇಕು. ನಾಲ್ಕು ವರ್ಷಕ್ಕೆ ಕಥೆ ಮುಗಿಯಿತೆಂದು ಮಾಡಿದವರೇ ನಿರ್ಧರಿಸಿ ನಿಲ್ಲಿಸಿದರು.

ನಮ್ಮವರ ಕಥೆಯೂ ಒಂದಿತ್ತು: 2010ರಲ್ಲಿ ಎನ್‌ಬಿಸಿ ತಂದ ‘ಔಟ್‌ಸೋರ್ಸ್ಡ್’. ಮುಂಬೈ ಕಾಲ್ ಸೆಂಟರಿಗೆ ಮ್ಯಾನೇಜರಾಗಿ ಬರುವ ಅಮೆರಿಕನ್ ಹುಡುಗ. ಆರಂಭದಲ್ಲಿ ಖಾರದ ಊಟ, ಕೆಟ್ಟ ಹೊಟ್ಟೆ ಇವೇ ನಗೆ. ನನಗದು ರುಚಿಸಲಿಲ್ಲ. ಆದರೆ ಗುರುವಾರ ರಾತ್ರಿ ಅಷ್ಟೊಂದು ಭಾರತೀಯ ಮುಖಗಳನ್ನು ಒಟ್ಟಿಗೆ ಯಾವ ನೆಟ್‌ವರ್ಕೂ ಅದಕ್ಕೆ ಮೊದಲು ತೋರಿಸಿದ್ದನ್ನು ನಾನು ಕಂಡಿರಲಿಲ್ಲ. ಪಾತ್ರಗಳು ಮನುಷ್ಯರಾಗತೊಡಗಿದ್ದವು, ಅಷ್ಟರಲ್ಲಿ ಇಪ್ಪತ್ತೆರಡು ಕಂತು ಮುಗಿದು 2011ರ ಮೇ ಬಂತು.

ಈಚಿನವುಗಳಲ್ಲಿ ನಾನು ಯಾರಿಗಾದರೂ ಹೇಳುವುದು ಎಬಿಸಿಯಲ್ಲಿ 2021ರ ಡಿಸೆಂಬರಿನಲ್ಲಿ ಆರಂಭವಾದ ‘ಅಬಟ್ ಎಲಿಮೆಂಟರಿ’. ಫಿಲಡೆಲ್ಫಿಯಾದ ಸರಕಾರಿ ಪ್ರಾಥಮಿಕ ಶಾಲೆ. ದುಡ್ಡಿಲ್ಲ, ಸಾಮಾನಿಲ್ಲ, ಮುಖ್ಯೋಪಾಧ್ಯಾಯಿನಿಗೆ ಶಾಲೆಗಿಂತ ತನ್ನ ಚಿತ್ರ ಚೆನ್ನಾಗಿ ಬರುವುದು ಮುಖ್ಯ. ಊರಿನ ಸರಕಾರಿ ಶಾಲೆಯಲ್ಲಿ ಓದಿದ ನನಗೆ ಆ ಮೇಷ್ಟರುಗಳೆಲ್ಲ ಪರಿಚಿತರು. ಮೊಮ್ಮಗಳಿಗೆ ಈಗ ಹನ್ನೆರಡು. ಅವಳು ಇದನ್ನು ಇಂಟರ್ನೆಟ್ಟಿನಲ್ಲಿ ತನಗೆ ಬೇಕಾದಾಗ ನೋಡುವವಳು. ವಾರಾಂತ್ಯಕ್ಕೆ ನಮ್ಮಲ್ಲಿಗೆ ಬಂದಾಗ ಜೊತೆಗೆ ನಾನೂ ಕೂರುತ್ತೇನೆ. ತಿಂಗಳಿಗೆ ಇನ್ನಷ್ಟು ಡಾಲರ್ ಕಟ್ಟಿದರೆ ಜಾಹೀರಾತೇ ಬರುವುದಿಲ್ಲವಂತೆ. ನಾನು ಕಟ್ಟಿಲ್ಲ.