ಸಿಂಗಪುರದ ಮನೆಯೂ ನಾಯಿಯೂ

ನಾಯಿಯನ್ನು ಹಣ ಕೊಟ್ಟು ತರುವ ಪದ್ಧತಿಯು ನಮ್ಮ ಮನೆತನದಲ್ಲಿ ಎಂದೂ ಇರಲಿಲ್ಲ. ಹಳ್ಳಿಯ ಮನೆಯ ಮುಂದೆ ಸದಾ ಒಂದು ನಾಯಿ ಇರುತ್ತಿದ್ದಿತು. ಅದು ಎಲ್ಲಿಂದ ಬಂದಿತೆಂದು ಯಾರೂ ಕೇಳುತ್ತಿರಲಿಲ್ಲ. ಎಲ್ಲರ ಊಟವಾದ ಮೇಲೆ ನಮ್ಮ ಅಜ್ಜಿಯು ಒಂದು ಹಿಡಿ ಅನ್ನವನ್ನು ಹಿತ್ತಲ ಕಲ್ಲಿನ ಮೇಲೆ ಹಾಕುವಳು. ಅದು ತಿನ್ನುವುದು, ರಾತ್ರಿ ಬೊಗಳುವುದು. ಅದಕ್ಕೂ ನಮಗೂ ಇದ್ದ ವ್ಯವಹಾರ ಇಷ್ಟೇ. ಹೊಸ್ತಿಲು ದಾಟಿ ಒಳಗೆ ಬಂದ ನಾಯಿಯನ್ನು ಅರುವತ್ತೆಂಟು ವರ್ಷ ನಾನು ಕಂಡವನಲ್ಲ. ಹೀಗಿರುವಲ್ಲಿ 2023ರ ಬೇಸಗೆಯಲ್ಲಿ ನಾನೂ ನನ್ನ ಪತ್ನಿಯೂ ಸಿಂಗಪುರದಲ್ಲಿರುವ ಮಗಳ ಮನೆಗೆ ಹೋದಾಗ, ಬಾಗಿಲು ತೆರೆದೊಡನೆ ಮಗಳಿಗಿಂತ ಮೊದಲು ಮುಂದೆ ಬಂದು ನನ್ನ ಎದೆಯ ಮೇಲೆ ಎರಡು ಕಾಲುಗಳನ್ನೂ ಊರಿ ಮುಖವನ್ನು ನೆಕ್ಕಿದುದು ಒಂದು ನಾಯಿಯೇ ಆಗಿದ್ದಿತು.

ಅದರ ಹೆಸರು ಚಿನ್ನ. ಗೋಲ್ಡನ್ ರಿಟ್ರೀವರ್ ಎಂಬ ಜಾತಿ. ತೂಕ ಮೂವತ್ತನಾಲ್ಕು ಕಿಲೋ. 2020ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕುಳಿತಿದ್ದ ಕಾಲದಲ್ಲಿ, ಆಡಲು ಜೊತೆಯಿಲ್ಲವೆಂದು ಮೊಮ್ಮಗನು ಹಗಲಿರುಳೂ ಅತ್ತನಂತೆ. ನಿರ್ಬಂಧಗಳು ಸಡಿಲವಾದೊಡನೆಯೇ ಮರಿಯನ್ನು ಮನೆಗೆ ತಂದರು. ನಾನು ನೋಡುವ ವೇಳೆಗೆ ಅದು ಮನೆಯ ಯಜಮಾನನಾಗಿ ಬಿಟ್ಟಿದ್ದಿತು. ಮೆತ್ತನೆಯ ಉದ್ದದ ಆಸನದಲ್ಲಿ ಮುಕ್ಕಾಲು ಪಾಲು ಅದರದು. ಉಳಿದ ಕಾಲಿನಲ್ಲಿ ನಾವು ಕುಳಿತುಕೊಳ್ಳಬೇಕು. ತಂಪು ಯಂತ್ರವನ್ನು ನಿಲ್ಲಿಸಿದರೆ ಎದ್ದು ಬಂದು ನಮ್ಮ ಮುಖವನ್ನು ನೋಡುತ್ತ ನಿಲ್ಲುವುದು. ತಟ್ಟೆಯಲ್ಲಿ ಹಾಕಿದುದನ್ನು ಮುಟ್ಟುವುದಿಲ್ಲ, ಕೈಯಲ್ಲಿ ಹಿಡಿದು ತಿನ್ನಿಸಬೇಕು. ಗುಡುಗು ಕೇಳಿದರೆ ಸ್ನಾನದ ಮನೆಯನ್ನು ಹೊಕ್ಕು ನಡುಗುವುದು. ಸಮಭಾಜಕ ವೃತ್ತಕ್ಕೆ ಅಷ್ಟು ಹತ್ತಿರದ ಆ ಊರಿನಲ್ಲಿ ಗುಡುಗಿಲ್ಲದ ವಾರವೇ ಅಪರೂಪವಾದುದರಿಂದ, ಸ್ನಾನದ ಮನೆಯು ನಮಗೆ ಬೇಕಾದಾಗ ಸಿಕ್ಕುತ್ತಿದ್ದುದೂ ಅಪರೂಪವೇ.

ಇದು ಒಂದು ಮನೆಯ ಮಾತಲ್ಲ. ಸಂಜೆ ಸಮುದ್ರದ ದಂಡೆಯ ಈಸ್ಟ್ ಕೋಸ್ಟ್ ಉದ್ಯಾನಕ್ಕೆ ಹೋದರೆ, ಕೂಸುಗಳನ್ನು ಕೂರಿಸಿ ತಳ್ಳುವ ಗಾಡಿಗಳು ಸಾಲಾಗಿ ಬರುವುವು. ಬಗ್ಗಿ ನೋಡಿದರೆ ಅನೇಕ ಗಾಡಿಗಳೊಳಗೆ ಕೂಸಿಲ್ಲ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಂಡ ಸಣ್ಣ ನಾಯಿ ಗಂಭೀರವಾಗಿ ಕುಳಿತಿರುವುದು. ನನ್ನ ಪತ್ನಿಯು ಮೊದಲ ದಿನ ಹೀಗೆ ಒಂದು ಗಾಡಿಯ ಬಳಿ ನಿಂತು “ಎಷ್ಟು ತಿಂಗಳ ಮಗು?” ಎಂದು ಕೇಳಿ ಪೆಚ್ಚಾದಳು.

ನಾನು ಇದನ್ನೆಲ್ಲ ನೋಡಿ ನಗುತ್ತಿದ್ದೆನು. ಆದರೆ ಹೋದ ಎರಡನೆಯ ವಾರದಲ್ಲಿ ನಗು ನಿಂತಿತು. ಅವರಿದ್ದುದು ಖಾಸಗಿಯವರ ಕಟ್ಟಡದಲ್ಲಿ, ಬಾಡಿಗೆಗೆ. ಎರಡು ವರ್ಷದ ಕರಾರು ಮುಗಿಯುತ್ತ ಬಂದಿದ್ದಿತು. ಮನೆಯ ಒಡೆಯರು, ತಿಂಗಳಿಗೆ 4,200 ಡಾಲರು ಇದ್ದ ಬಾಡಿಗೆಯನ್ನು ಇನ್ನು ಮುಂದೆ 6,000 ಎಂದು ತಿಳಿಸಿದರು. ಡಾಲರೊಂದಕ್ಕೆ ಆಗ ನಮ್ಮ ಅರುವತ್ತು ರೂಪಾಯಿ; ವಾಚಕರೇ ಗುಣಿಸಿ ನೋಡಬಹುದು. ಒಡೆಯರನ್ನು ದೂರಿ ಫಲವಿರಲಿಲ್ಲ. 2022 ಒಂದೇ ವರ್ಷದಲ್ಲಿ ಆ ದ್ವೀಪದಲ್ಲಿ ಖಾಸಗಿ ಮನೆಗಳ ಬಾಡಿಗೆಯು ನೂರಕ್ಕೆ ಮೂವತ್ತರಷ್ಟು ಏರಿದ್ದಿತು. ಸಾಂಕ್ರಾಮಿಕದ ಕಾಲದಲ್ಲಿ ಕಟ್ಟುವ ಕೆಲಸ ನಿಂತು, ಸಿದ್ಧವಾಗಬೇಕಾದ ಮನೆಗಳು ಸಿದ್ಧವಾಗಲಿಲ್ಲ. ಗಡಿ ತೆರೆದಾಗ ಜನರು ಮಾತ್ರ ಒಟ್ಟಿಗೆ ಬಂದರು.

“ಬಾಡಿಗೆಗೆ ಸುರಿಯುವ ಹಣದಲ್ಲಿ ಸ್ವಂತ ಮನೆಯನ್ನೇ ಕೊಳ್ಳಬಾರದೇ?” ಎಂದು ನಾನು ಅಳಿಯಂದಿರನ್ನು ಕೇಳಿದೆನು.

“ಕೊಳ್ಳಬಹುದು ಮಾವನವರೇ. ಎರಡು ವರ್ಷದಿಂದ ಅದೇ ಲೆಕ್ಕ ಹಾಕುತ್ತಿದ್ದೇನೆ. ಮನೆಗೆ ಬೇಕಾದ ಹಣವಿದೆ, ಹಕ್ಕೂ ಇದೆ. ಅಡ್ಡಿಯಾಗಿರುವುದು ಇದು” ಎಂದು ಅವರು ತಮ್ಮ ಪಾದದ ಮೇಲೆ ತಲೆಯಿಟ್ಟು ಮಲಗಿದ್ದ ಚಿನ್ನನನ್ನು ತೋರಿಸಿದರು.

ಈ ಮಾತು ಅರ್ಥವಾಗಬೇಕಾದರೆ ಆ ದ್ವೀಪದಲ್ಲಿ ಮನೆಯೆಂದರೆ ಏನೆಂಬುದನ್ನು ಸ್ವಲ್ಪ ಹೇಳಬೇಕು. ಸಿಂಗಪುರದ ವಿಸ್ತಾರವು ಸುಮಾರು 730 ಚದರ ಕಿಲೋಮೀಟರು; 2007ರಲ್ಲಿ ಗುರುತಿಸಿದ ಬೃಹತ್ ಬೆಂಗಳೂರು ಪಾಲಿಕೆಯ ಎಲ್ಲೆಗಿಂತ ಹೆಚ್ಚೇನೂ ಅಲ್ಲ. ನಮಗೆ ಎಲ್ಲೆಯ ಆಚೆಗೆ ಕನಕಪುರವುಂಟು, ಹೊಸಕೋಟೆಯುಂಟು; ಅವರಿಗೆ ಆಚೆಗೆ ನೀರು. ಅಷ್ಟರಲ್ಲಿ 60 ಲಕ್ಷದ ಹತ್ತಿರ ಜನರು ವಾಸಿಸಬೇಕು. 1960ರಲ್ಲಿ ಅಲ್ಲಿನ ಸರಕಾರವು ಒಂದು ಗೃಹನಿರ್ಮಾಣ ಮಂಡಲಿಯನ್ನು ಸ್ಥಾಪಿಸಿತು. ಎಚ್.ಡಿ.ಬಿ. ಎಂಬ ಮೂರು ಅಕ್ಷರಗಳಿಂದಲೇ ಅದನ್ನು ಎಲ್ಲರೂ ಬಲ್ಲರು. ಮರುವರ್ಷ, 1961ರ ಮೇ ತಿಂಗಳಲ್ಲಿ, ಬುಕಿಟ್ ಹೋ ಸ್ವೀ ಎಂಬ ಗುಡಿಸಲುಗಳ ಬಸ್ತಿಗೆ ಬೆಂಕಿ ಬಿದ್ದು ಸುಮಾರು 16,000 ಜನರು ನಿರಾಶ್ರಿತರಾದರು. ಅವರಿಗಾಗಿ ಅವಸರದಿಂದ ಎದ್ದ ಮಹಡಿಮನೆಗಳೇ ಮುಂದಿನದಕ್ಕೆಲ್ಲ ಮಾದರಿಯಾದುವು. ಇಂದು ಅಲ್ಲಿ ವಾಸಿಸುವ ಹತ್ತು ಜನರಲ್ಲಿ ಸುಮಾರು ಎಂಟು ಜನರು ಮಂಡಲಿಯ ಮನೆಗಳಲ್ಲೇ ಇರುವರು; ಅವರಲ್ಲಿ ಬಹುಮಂದಿ ಬಾಡಿಗೆದಾರರಲ್ಲ, ಕೊಂಡವರು. ಕೊಳ್ಳುವುದೆಂದರೆ 99 ವರ್ಷದ ಗುತ್ತಿಗೆ. ಮೊಮ್ಮಕ್ಕಳ ಕಾಲಕ್ಕೆ ಕೀಲಿಕೈಯನ್ನು ಒಪ್ಪಿಸಬೇಕು.

ಪೌರರಿಗೆ ಹೊಸ ಮನೆಗಳು ದೊರೆಯುವುವು. ನಮ್ಮವರಂತೆ ಹೊರಗಿನಿಂದ ಬಂದು ಖಾಯಂ ನಿವಾಸದ ಹಕ್ಕನ್ನು ಪಡೆದವರು ಮೂರು ವರ್ಷ ಕಾದು, ಒಬ್ಬರು ಇದ್ದು ಮಾರುವ ಹಳೆಯ ಮನೆಯನ್ನು ಕೊಳ್ಳಬಹುದು. ಅದಕ್ಕೂ ಎಣಿಕೆಯುಂಟು. ಚೀಣೀಯರು, ಮಲಯರು, ಭಾರತೀಯರು ಮೊದಲಾದವರು ಒಂದೊಂದು ಕಟ್ಟಡದಲ್ಲಿ ಇಷ್ಟಿಷ್ಟೇ ಪಾಲು ಇರಬೇಕೆಂದು 1989ರಿಂದ ಕಟ್ಟಳೆ. ಒಂದೊಂದು ಜಾತಿಗೆ ಒಂದೊಂದು ಬೀದಿಯನ್ನು ಕಟ್ಟಿಕೊಂಡಿರುವ ನಮಗೆ ಇದು ವಿಚಿತ್ರವಾಗಿ ಕಾಣಬಹುದು, ನನಗಂತೂ ಮೆಚ್ಚಿಗೆಯಾಯಿತು.

ಮನುಷ್ಯರನ್ನು ಹೀಗೆ ಎಣಿಸುವವರು ನಾಯಿಯನ್ನು ಎಣಿಸದೆ ಬಿಡುವರೇ? ಮಂಡಲಿಯ ಮನೆಯಲ್ಲಿ ಒಂದೇ ನಾಯಿಯನ್ನು ಸಾಕಬಹುದು; ಅದೂ ಸಣ್ಣ ಜಾತಿಯದು. ಒಪ್ಪಿಗೆಯಾದ 62 ಜಾತಿಗಳ ಪಟ್ಟಿಯಿದೆ. ಪೊಮರೇನಿಯನ್, ಶಿ ಟ್ಸು, ಚಿವಾವಾ ಇವೆಲ್ಲ ಅದರಲ್ಲಿ ಉಂಟು. 2012ರಿಂದ ಈಚೆಗೆ ಬೀದಿಯ ಬೆರಕೆ ನಾಯಿಗಳಲ್ಲಿ ಮಧ್ಯಮ ಗಾತ್ರದವನ್ನು ಪ್ರಾಣಿದಯಾ ಸಂಘಗಳ ಮೂಲಕ ದತ್ತು ತೆಗೆದುಕೊಳ್ಳುವುದಕ್ಕೂ ದಾರಿ ಮಾಡಿದ್ದಾರೆ. ಬೆಕ್ಕಿಗೆ ಮಾತ್ರ ಆ ವರ್ಷ ಇನ್ನೂ ನಿಷೇಧವಿದ್ದಿತು. 2024ರ ಸೆಪ್ಟೆಂಬರಿನಿಂದ ಮನೆಗೆ ಎರಡು ಬೆಕ್ಕುಗಳಿಗೆ ಅನುಮತಿಯಾಯಿತು. ಆದರೆ ಚಿನ್ನನ ಜಾತಿ ಯಾವ ಪಟ್ಟಿಯಲ್ಲಿಯೂ ಇಲ್ಲ. ಕದ್ದು ಸಾಕಿದರೆ 4,000 ಡಾಲರುಗಳವರೆಗೆ ದಂಡ. ಖಾಸಗಿ ಮನೆಯಲ್ಲಾದರೆ ಮೂರು ನಾಯಿಗಳನ್ನು ಸಾಕಬಹುದು, ಗಾತ್ರದ ಕೇಳ್ವಿಯಿಲ್ಲ. ಆದರೆ ಖಾಸಗಿ ಮನೆಯ ಬೆಲೆಯು ಮಂಡಲಿಯ ಮನೆಯ ಬೆಲೆಯ ಎರಡರಷ್ಟು, ಮೂರರಷ್ಟು. ಹೀಗೆ ಆ ದ್ವೀಪದಲ್ಲಿ ನಾಯಿಯ ಎತ್ತರವೇ ಯಜಮಾನನ ಅಂತಸ್ತನ್ನು ಹೇಳಿಬಿಡುವುದು.

ಆದರೂ ನೋಡಿ ಬರುವುದರಲ್ಲಿ ದೋಷವೇನೆಂದು ಒಂದು ಭಾನುವಾರ ಬೆಡೋಕ್ ಎಂಬಲ್ಲಿ ಮಂಡಲಿಯ ಮನೆಯೊಂದನ್ನು ನೋಡಹೋದೆವು. ಕಟ್ಟಡದ ನೆಲಮಟ್ಟವನ್ನು ಗೋಡೆಯಿಲ್ಲದೆ ತೆರವಾಗಿ ಬಿಟ್ಟಿರುವರು. ಮುದುಕರು ಅಲ್ಲಿ ಕಲ್ಲಿನ ಮೇಜುಗಳ ಸುತ್ತ ಕುಳಿತು ಚದುರಂಗ ಆಡುವರು, ಮದುವೆಯೂ ಅಲ್ಲಿಯೇ, ಸಾವಿನ ಕರ್ಮವೂ ಅಲ್ಲಿಯೇ. ನಾವು ಹೋದುದು ಹತ್ತನೆಯ ಮಹಡಿಗೆ. ಉದ್ದದ ಪಡಸಾಲೆ, ಬಾಗಿಲು ಬಾಗಿಲಿಗೂ ಚಪ್ಪಲಿಗಳು, ಕುಂಡದಲ್ಲಿ ಒಂದು ಕರಿಬೇವಿನ ಗಿಡ. ಅದನ್ನು ಕಂಡೊಡನೆ ನನ್ನ ಪತ್ನಿಗೆ ಮನೆಯನ್ನು ನೋಡುವ ಮೊದಲೇ ಮನೆ ಒಪ್ಪಿಗೆಯಾಯಿತು. ನಾಲ್ಕು ಕೋಣೆಯ ಮನೆಯೆಂದು ಅವರ ಲೆಕ್ಕ. ಹಜಾರವನ್ನೂ ಸೇರಿಸಿ ಎಣಿಸುವುದರಿಂದ ಮಲಗುವ ಕೋಣೆಗಳು ಮೂರು. ಅಡಿಗೆಮನೆಯ ಕಿಟಕಿಯಿಂದ ಎರಡು ಕಟ್ಟಡಗಳ ನಡುವೆ ಬೆರಳಗಲದ ಸಮುದ್ರ ಕಾಣಿಸುತ್ತಿದ್ದಿತು. ಮೊಮ್ಮಗನ ಶಾಲೆಗೆ ನಡೆದೇ ಹೋಗಬಹುದು. ಆ ಕಟ್ಟಡದಲ್ಲಿ ಭಾರತೀಯರ ಪಾಲೂ ತುಂಬಿರಲಿಲ್ಲ. ಮಗಳು ಗೋಡೆಯನ್ನು ಕೈಯಿಂದ ಸವರಿ ನೋಡಿದುದನ್ನು ನಾನು ಗಮನಿಸಿದೆನು.

ಮಾರುವವರು ಎಪ್ಪತ್ತು ದಾಟಿದ ಒಬ್ಬ ಚೀಣೀ ಅಮ್ಮ. ಗಂಡ ತೀರಿದ್ದರು, ಮಗನ ಮನೆಗೆ ಹೋಗುವವರಿದ್ದರು. ಚಹ ಕೊಟ್ಟು ಕೂರಿಸಿ ನಮ್ಮಲ್ಲಿ ಯಾರು ಯಾರು ಎಂದು ವಿಚಾರಿಸಿದರು. ಮೊಮ್ಮಗನು ಎಲ್ಲರ ಹೆಸರನ್ನೂ ಹೇಳಿ ಕೊನೆಗೆ ಚಿನ್ನನ ಹೆಸರನ್ನೂ ಸೇರಿಸಿದನು. ಎಷ್ಟು ದೊಡ್ಡ ನಾಯಿಯೆಂದು ಅವರು ಕೇಳಿದರು. ಅವನು ಕೈಯಿಂದ ಎತ್ತರವನ್ನು ತೋರಿಸಿದನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಕಥೆಯನ್ನು ಹೇಳಿದರು. ಮಗಳು ನಮಗೆ ಕನ್ನಡದಲ್ಲಿ ತಿಳಿಸುತ್ತ ಹೋದಳು.

ಅವರು ಹುಟ್ಟಿ ಬೆಳೆದುದು ಅಲ್ಲಿಗೆ ಹತ್ತಿರದಲ್ಲೇ, ಸಮುದ್ರದ ಅಂಚಿನ ಹಳ್ಳಿಯಲ್ಲಿ. ಕಾಂಪೊಂಗ್ ಎಂದು ಅಲ್ಲಿ ಹಳ್ಳಿಗೆ ಹೆಸರು. ಗರಿಯ ಮಾಡು, ಸುತ್ತ ತೆಂಗು, ಕೋಳಿ, ಹಂದಿ, ಎರಡು ನಾಯಿಗಳು. 1966ರಿಂದ ಸರಕಾರವು ಆ ಕಡೆಯ ಸಮುದ್ರಕ್ಕೆ ಮಣ್ಣು ತುಂಬುತ್ತ ಬಂದು ದಡವೇ ದೂರ ಸರಿಯಿತು. ಅವರ ಹಳ್ಳಿಯನ್ನೂ ತೆರವು ಮಾಡಿ 1977ರಲ್ಲಿ ಈ ಮನೆಯನ್ನು ಕೊಟ್ಟರು. ನಲ್ಲಿಯ ನೀರು, ದೀಪ, ಒಳಗೇ ಶೌಚಗೃಹ. ಅವರ ತಾಯಿ ಸಂತೋಷದಿಂದ ಅತ್ತರಂತೆ. ನಾಯಿಗಳನ್ನು ತರುವಂತಿರಲಿಲ್ಲ. ಸಾಮಾನಿನ ಗಾಡಿ ಹೊರಟಾಗ ಎರಡೂ ದಾರಿಯ ತಿರುವಿನವರೆಗೆ ಓಡಿ ಬಂದುವು. ನಾಲ್ಕು ದಿನ ಬಿಟ್ಟು ಇವರು ಅನ್ನ ಕಟ್ಟಿಕೊಂಡು ಹೋಗಿ ನೋಡಿದರು. ಮನೆಯನ್ನು ಕೆಡವಿದ್ದರು. ಒಂದು ನಾಯಿ ಮೆಟ್ಟಿಲು ಇದ್ದ ಜಾಗದಲ್ಲಿ ಮಲಗಿದ್ದಿತು. ಮತ್ತೊಂದು ವಾರ ಬಿಟ್ಟು ಹೋದಾಗ ಅದೂ ಇರಲಿಲ್ಲ.

ಇಷ್ಟನ್ನು ಹೇಳಿ ಆ ಅಮ್ಮ ಅಡಿಗೆಮನೆಗೆ ಹೋಗಿ ಮೊಮ್ಮಗನಿಗೆ ಬಿಸ್ಕತ್ತನ್ನು ತಂದುಕೊಟ್ಟರು. ಬೆಲೆಯ ಮಾತು ಅಂದು ಅಲ್ಲಿಗೇ ನಿಂತಿತು.

ಕೆಳಗಿಳಿದ ಮೇಲೆ ದಲ್ಲಾಳಿಯು ಅಳಿಯಂದಿರನ್ನು ಪಕ್ಕಕ್ಕೆ ಕರೆದು, ಮೊದಲು ಮನೆಯನ್ನು ಕೊಳ್ಳಿ, ನಾಯಿಯನ್ನು ರಾತ್ರಿ ವೇಳೆ ತನ್ನಿ, ನೆರೆಯವರು ದೂರು ಕೊಡುವವರೆಗೆ ಯಾರೂ ಕೇಳುವುದಿಲ್ಲ ಎಂದು ಉಪದೇಶಿಸಿದನು. ಅಳಿಯಂದಿರ ಮನಸ್ಸು ಒಂದು ದಿನ ಅತ್ತ ಹೊಯ್ದಾಡಿತು. ಮಗಳು ಕಡ್ಡಿ ಮುರಿದಂತೆ ಬೇಡವೆಂದಳು. ಪ್ರತಿ ಬಾರಿ ಬಾಗಿಲು ತಟ್ಟಿದಾಗಲೂ ನಾಯಿಯ ಬಾಯಿಯನ್ನು ಹಿಡಿದು ಕುಳಿತುಕೊಳ್ಳುವ ಬಾಳು ತನಗೆ ಬೇಕಿಲ್ಲವೆಂದಳು.

ಆಗ ನಾನು ಹಿರಿಯನೆಂಬ ಸಲಿಗೆಯಿಂದ ಒಂದು ಮಾತನ್ನು ಆಡಿದೆನು. ಈಗಲೂ ಅದನ್ನು ನೆನೆದರೆ ನಾಚಿಕೆಯಾಗುವುದು. ನಾಯಿಯನ್ನು ತೋಟವಿರುವ ಯಾರಿಗಾದರೂ ಕೊಟ್ಟುಬಿಡಿ, ಮಗುವು ತಿಂಗಳಲ್ಲಿ ಮರೆಯುವನು, ಮೂಕಪ್ರಾಣಿಗಾಗಿ ಇಂತಹ ಮನೆಯನ್ನು ಬಿಡುವರೇ ಎಂದೆನು. ಮೊಮ್ಮಗನು ಕೋಣೆಯಲ್ಲಿ ಓದುತ್ತಿರುವನೆಂದು ತಿಳಿದಿದ್ದೆ. ಅವನು ಬಾಗಿಲಲ್ಲೇ ನಿಂತಿದ್ದನು. ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಚಿನ್ನನಿಗೆ ಮಾತ್ರ ಏನೂ ತಿಳಿಯದು. ಅಂದು ರಾತ್ರಿಯೂ ಎಂದಿನಂತೆ ನನ್ನ ಮಂಚದ ಪಕ್ಕದಲ್ಲಿ ಬಂದು ಮಲಗಿತು.

ಕೊನೆಗೆ ಮಾತು ಮುಗಿಸಿದವಳು ನನ್ನ ಪತ್ನಿ. ಮಡಿಗೆ ಅಡ್ಡವಾಗುವುದೆಂದು ಹೋದ ಮೊದಲ ವಾರ ನಾಯಿಯನ್ನು ಅಡಿಗೆಮನೆಯ ಸುತ್ತ ಸುಳಿಯಗೊಡದಿದ್ದವಳು ಅವಳೇ. ಚಪಾತಿ ಲಟ್ಟಿಸುತ್ತಲೇ ಮಗಳಿಗೆ ಹೇಳಿದಳು: “ನೋಡಮ್ಮ, ಅದೇನು ತಾನಾಗಿ ಬಂದು ನಿಮ್ಮ ಬಾಗಿಲಲ್ಲಿ ನಿಲ್ಲಲಿಲ್ಲ. ನೀವು ಹೋಗಿ ತಂದಿರಿ, ಆಸನದ ಮೇಲೆ ಕೂರಿಸಿದಿರಿ, ತಂಪು ಮಾಡಿ ಮಲಗಿಸಿದಿರಿ. ತರುವಾಗ ಹಾಕದ ಲೆಕ್ಕ ಈಗ ಏಕೆ?” ಹೀಗೆಂದು ಮೊದಲ ಚಪಾತಿಗೆ ತುಪ್ಪ ಸವರಿ, ಆರಿಸಿ, ತುಂಡು ಮಾಡಿ ಚಿನ್ನನ ಬಾಯಿಗೆ ಕೊಟ್ಟಳು. ಎರಡನೆಯದು ನನಗೆ ಬಂದಿತು.

ಬೆಡೋಕಿನ ಮನೆಯನ್ನು ಬಿಟ್ಟರು. ಮಗಳು ತಾನೇ ಆ ಅಮ್ಮನಿಗೆ ದೂರವಾಣಿಯಲ್ಲಿ ತಿಳಿಸಿದಳು. ಅವರು ಬೇಸರಪಡದೆ, ನಾಯಿಯ ಚಿತ್ರವಿದ್ದರೆ ಕಳುಹಿಸು ಎಂದರಂತೆ.

ಮನೆ ಸಿಕ್ಕಿದುದು ಜೂ ಚಿಯಾಟ್ ಎಂಬ ಹಳೆಯ ಕೇರಿಯಲ್ಲಿ. ಕೆಳಗೆ ಅಂಗಡಿ ಮೇಲೆ ಮನೆಯಾಗಿ ಬಣ್ಣ ಬಣ್ಣದ ಹೆಂಚುಗಳನ್ನು ಹೊದ್ದ ಹಿಂದಿನ ಕಾಲದ ಮನೆಗಳಿಗೆ ಆ ಕೇರಿ ಹೆಸರಾದುದು. ನಮ್ಮವರಿಗೆ ದೊರೆತುದು ಅಂತಹದಲ್ಲ; ಅದರ ಹಿಂದಿನ ಓಣಿಯಲ್ಲಿ ಮೂರು ಮಹಡಿಯ, ಸುಣ್ಣ ಕಾಣದ ಒಂದು ಖಾಸಗಿ ಕಟ್ಟಡದ ತುದಿಯ ಮನೆ, ಬಾಡಿಗೆಗೆ. ಮೊದಲಿದ್ದುದಕ್ಕಿಂತ ಒಂದು ಕೋಣೆ ಕಡಿಮೆ, ಬಾಡಿಗೆ ನೂರೈವತ್ತು ಡಾಲರು ಹೆಚ್ಚು. ಒಡೆಯರು ನಾಯಿಗೆ ಒಪ್ಪಿದರು. ಒಂದು ತಿಂಗಳ ಮುಂಗಡವನ್ನು ಹೆಚ್ಚಾಗಿ ಕೇಳಿದರು. ಸ್ವಂತ ಮನೆಗೆಂದು ಕೂಡಿಟ್ಟ ಹಣವು ಹೀಗೆ ತಿಂಗಳು ತಿಂಗಳಿಗೂ ಸ್ವಲ್ಪ ಸ್ವಲ್ಪ ಕರಗುತ್ತಿರುವುದೆಂಬುದು ಅಳಿಯಂದಿರಿಗೂ ಗೊತ್ತು, ನನಗೂ ಗೊತ್ತು. ನಾವಿಬ್ಬರೂ ಅದನ್ನು ಆಡುವುದಿಲ್ಲ.

ನಾವು ಊರಿಗೆ ಹೊರಡುವ ಹಿಂದಿನ ವಾರ ಸಾಮಾನುಗಳನ್ನು ಸಾಗಿಸಿದರು. ಎಲ್ಲರೂ ಮರೆತಿದ್ದ ಒಂದು ಸಂಗತಿ ಆಗ ತಲೆದೋರಿತು. ಆ ಕಟ್ಟಡಕ್ಕೆ ಏರುಯಂತ್ರವಿಲ್ಲ. ಹುಟ್ಟಿದಂದಿನಿಂದ ಯಂತ್ರದಲ್ಲೇ ಏರಿಳಿದ ಚಿನ್ನನು ಮೊದಲ ಮೆಟ್ಟಿಲ ಮುಂದೆ ಕುಳಿತು, ಇದು ತನಗೆ ಸಂಬಂಧಿಸಿದುದಲ್ಲವೆಂಬಂತೆ ಬೀದಿಯ ಕಡೆಗೆ ಮುಖ ತಿರುಗಿಸಿದನು. ಮೊಮ್ಮಗನು ಬೇಡಿದನು, ಮಗಳು ಬಿಸ್ಕತ್ತು ತೋರಿಸಿದಳು, ನಾನು ಹಿಂದಿನಿಂದ ನೂಕಿದೆನು. ಕೊನೆಗೆ ಅಳಿಯಂದಿರು ಮೂವತ್ತನಾಲ್ಕು ಕಿಲೋ ತೂಕವನ್ನು ಎರಡೂ ತೋಳಿನಲ್ಲಿ ಎತ್ತಿಕೊಂಡು, ಒಂದೊಂದು ಅಂತಸ್ತಿಗೂ ನಿಂತು ಉಸಿರೆಳೆದುಕೊಳ್ಳುತ್ತ ಮೇಲಕ್ಕೆ ಹೊತ್ತರು. ಅದು ಅವರ ಹೆಗಲ ಮೇಲೆ ಗಲ್ಲವನ್ನಿಟ್ಟು ಹಿಂದೆ ಬರುತ್ತಿದ್ದ ನನ್ನನ್ನು ನೋಡುತ್ತಿದ್ದಿತು.

ಈಗಲೂ ದಿನಕ್ಕೆ ಎರಡು ಬಾರಿ ಅದೇ ಸೇವೆ ನಡೆಯುತ್ತಿದೆಯೆಂದು ಮೊನ್ನೆ ಮಗಳು ದೂರವಾಣಿಯಲ್ಲಿ ಹೇಳಿದಳು. ಇಳಿಯುವುದಕ್ಕೆ ಅದಕ್ಕೆ ಯಾರ ಸಹಾಯವೂ ಬೇಡವಂತೆ.