ದೇವಾಲಯದ ಬೀಗದಕೈ

ಉಂಡವಳ್ಳಿಯ ಕಡೆಯ ಒಂದು ಸಣ್ಣ ದೇವಾಲಯದ ಬೀಗದಕೈ ಕೆಲವು ವರ್ಷ ನನ್ನ ವಶದಲ್ಲಿದ್ದಿತು. ಅದನ್ನು ಉಡಿದಾರಕ್ಕೆ ಕಟ್ಟಿಕೊಂಡು ತಿರುಗುವಾಗ ನನಗೆ ತುಸು ಹೆಮ್ಮೆಯೂ ಇದ್ದಿತೆಂಬುದನ್ನು ಒಪ್ಪಿಕೊಳ್ಳಬೇಕು.

2009ರ ಅಕ್ಟೋಬರ್ ಮೊದಲಲ್ಲಿ ತುಂಗಭದ್ರೆ ಉಕ್ಕಿ ಕರ್ನೂಲು ಪಟ್ಟಣವೇ ನೀರಿನಲ್ಲಿ ನಿಂತಿತು. ಈಚೆ ದಡದ ಹಳ್ಳಿಗಳ ಜನ ಮಕ್ಕಳನ್ನೂ ಗಂಟುಗಳನ್ನೂ ಹೊತ್ತು ದಿಣ್ಣೆಯ ನೆಲವನ್ನು ಹುಡುಕಿಕೊಂಡು ಬಂದರು. ಅವರಲ್ಲಿ ಒಂದು ಗುಂಪು ನಮ್ಮ ದೇವಾಲಯದ ಜಗುಲಿಯ ಮೇಲೆ ನಿಂತಿತು. ನಮ್ಮ ಸಭೆಯವರಲ್ಲ, ನಮ್ಮ ಮತದವರೂ ಅಲ್ಲ. ಒಳಗೆ ಆ ವರ್ಷವೇ ಕಾಣಿಕೆಯ ಹಣದಿಂದ ಕೊಂಡ ಜಮಖಾನೆಗಳಿದ್ದುವು. ನಾನು ಬಾಗಿಲು ತೆಗೆಯಲಿಲ್ಲ. ಹಿರಿಯರನ್ನು ಕೇಳಿ ಬರುವೆನೆಂದು ಹೊರಟೆನು! ಹಿರಿಯರು ಬಂದವರು ಯಾರು, ಯಾವ ಕೇರಿಯವರು ಎಂದು ವಿಚಾರಿಸುವುದರಲ್ಲಿ ಒಂದು ಗಂಟೆ ಕಳೆಯಿತು. ಮರಳಿ ಬಂದಾಗ ಜಗುಲಿ ಬರಿದಾಗಿದ್ದಿತು. ಕಸ ಗುಡಿಸುವ ಮುದುಕಿಗೆ ಹಿಂಬಾಗಿಲ ಅಗುಳಿಯ ಗುಟ್ಟು ತಿಳಿದಿತ್ತು. ಅವಳು ಎಲ್ಲರನ್ನೂ ಒಳಗೆ ಸೇರಿಸಿ, ಮಕ್ಕಳಿಗೆ ಆ ಜಮಖಾನೆಗಳನ್ನೇ ಹೊದಿಸಿದ್ದಳು. "ಕೈ ನಿನ್ನ ಹತ್ತಿರವೇ ಇರಲಿ ಬಿಡಪ್ಪ" ಎಂದಳು.

ಕ್ರೈಸ್ತಸಭೆಯನ್ನು ಕ್ರಿಸ್ತನ ದೇಹವೆಂದು ಕರೆಯುವುದು ನಮ್ಮಲ್ಲಿ ವಾಡಿಕೆ. ಆ ಮಾತನ್ನು ಭಾನುವಾರದ ಉಪದೇಶದಲ್ಲಿ ಎಷ್ಟು ಸಲ ಕೇಳಿದ್ದೆನೋ! ದೇಹವೆಂದ ಮೇಲೆ ಅದಕ್ಕೆ ಮಳೆಯೂ ತಾಗಬೇಕು, ಹಸಿವೂ ತಾಗಬೇಕು ಎಂಬುದು ಮಾತ್ರ ಹೊಳೆದಿರಲಿಲ್ಲ.

ಕೆಲವು ವರ್ಷಗಳ ಮೇಲೆ ಮೆದಕಿಗೆ ಹೋಗಿದ್ದೆನು. ಅಲ್ಲಿಯ ಮಹಾದೇವಾಲಯದ ಗೋಪುರ 175 ಅಡಿ ಎತ್ತರ. ಮೊದಲ ಮಹಾಯುದ್ಧದ ಕಾಲದ ಬರದಲ್ಲಿ ಜನ ಹಸಿದಾಗ ವೆಸ್ಲಿಯನ್ ಮಿಷನಿನ ಚಾರ್ಲ್ಸ್ ವಾಕರ್ ಪಾಸ್ನೆಟ್ಟರು ಈ ಕಟ್ಟಡದ ಕೆಲಸವನ್ನು ಕೊಟ್ಟು, ದುಡಿಮೆಗೆ ಪ್ರತಿಯಾಗಿ ಅನ್ನವಿತ್ತರು. 1924ರ ಡಿಸೆಂಬರ್ 25ರಂದು ಅದರ ಪ್ರತಿಷ್ಠೆಯಾಯಿತು. ಹಸಿದವನಿಂದ ಕಲ್ಲು ಹೊರಿಸಿದ್ದು ಸರಿಯೇ ಎಂದು ಕೇಳುವವರುಂಟು. ಆ ಪ್ರಶ್ನೆಯನ್ನು ನಾನು ಅಲ್ಲಗಳೆಯಲಾರೆ. ಆದರೆ ಅವರು ಹಸಿದವರಿಗಾಗಿ ಕಟ್ಟಡವನ್ನು ಆರಂಭಿಸಿದರು. ನಾನು ಜಮಖಾನೆಗಾಗಿ ಬಾಗಿಲನ್ನು ಮುಚ್ಚಿದ್ದೆನು.

ಅನ್ನ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದೂ ಇಲ್ಲ. ಕೊಡುವವನ ಕೈ ಯಾವಾಗಲೂ ಮೇಲೆಯೇ ಇರುತ್ತದೆ. ನೆರೆಯವನಿಂದ ಪಡೆಯುವುದಕ್ಕೂ ಸಭೆ ಕಲಿಯಬೇಕಷ್ಟೆ. ಅದೇ 1924ರಲ್ಲಿ ಬಾಸೆಲ್ ಮಿಷನಿನ ಬೋಧಕರಾದ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಉಪದೇಶಿಸಲು ಹಳ್ಳಿಗಳಿಗೆ ಹೋಗುವ ಬೋಧಕರು, ಹಳ್ಳಿಯವರ ಬಾಯಲ್ಲಿದ್ದುದನ್ನು ಕೇಳಿ ಬರೆದುಕೊಂಡು ಬಂದರು! 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನೇ ಅಧ್ಯಕ್ಷರನ್ನಾಗಿ ಕರೆದರು. ಆಗ ಕಲಬುರ್ಗಿ ಹೈದರಾಬಾದು ರಾಜ್ಯದಲ್ಲಿತ್ತು. ನಮ್ಮ ಗದ್ವಾಲ, ಅಲಂಪುರ ತಾಲ್ಲೂಕುಗಳು ಅದೇ ರಾಜ್ಯದ ರಾಯಚೂರು ಜಿಲ್ಲೆಗೆ ಸೇರಿದ್ದುವು. 1956ರಲ್ಲಿ ಗಡಿ ಬದಲಾಯಿತು. ನಮ್ಮ ಸಭೆಯಲ್ಲಿ ಇಂದು ಚನ್ನಪ್ಪನವರ ಹೆಸರನ್ನು ಬಲ್ಲವರು ಇಬ್ಬರೋ ಮೂವರೋ ಇರಬಹುದು.

ಮುದುಕಿ ಈಗಿಲ್ಲ. ಬೀಗದಕೈಯನ್ನೂ ನಾನು ಬೇರೊಬ್ಬರಿಗೆ ಒಪ್ಪಿಸಿದ್ದೇನೆ. ಕಳೆದ ವರ್ಷ ಹಿರಿಯರ ಕೂಟದಲ್ಲಿ ಹಿಂಬಾಗಿಲ ಸಡಿಲ ಅಗುಳಿಯನ್ನು ತೆಗೆದು ಒಳ್ಳೆಯ ಚಿಲಕ ಹಾಕಿಸಬೇಕೆಂಬ ಮಾತು ಬಂದಿತು. ಬೇಡವೆಂದವನು ನಾನೊಬ್ಬನೇ. ಕಾರಣವೇನೆಂದು ಕೇಳಿದರು, ಹೇಳಲು ನಾಚಿಕೆಯಾಗಿ, ಖರ್ಚು ಹೆಚ್ಚಾಗುವುದೆಂದು ಹೇಳಿ ಕುಳಿತೆನು.